ಮುಯ್ಯಿ ಇಲ್ಲದ ಉಡುಗೊರೆ

"ನಾವು ವರದಕ್ಷಿಣೆ ಕೇಳಲೇ ಇಲ್ಲ. ಅವರೇ ಪ್ರೀತಿಯಿಂದ ಕೊಟ್ಟರು, ಬೇಡ ಅನ್ನೋಕಾಗುತ್ತಾ?"

ಈ ಮಾತನ್ನು ಕೇಳದ ಹೆಣ್ಣುಮಗಳು ನಮ್ಮ ನಾಡಿನಲ್ಲಿ ಇದ್ದಾಳೆಯೇ? ಮದುವೆ ಚಪ್ಪರದಲ್ಲಿ ಕೂತು ನೋಟು ಎಣಿಸಿಕೊಳ್ಳಲು ಈಗ ವಿದ್ಯಾವಂತರಿಗೆ ನಾಚಿಕೆ. ಕಾನೂನಿನ ಭಯವೂ ಅಷ್ಟಿಷ್ಟು ಇದೆ. ಆದ್ದರಿಂದ ವರದಕ್ಷಿಣೆ ವೇಷ ಬದಲಿಸಿಕೊಂಡಿದೆ. ಅದು ಆಷಾಢಕ್ಕೆ ಬರುತ್ತದೆ, ಗೌರಿಹಬ್ಬಕ್ಕೆ ಬರುತ್ತದೆ, ದೀಪಾವಳಿಗೆ ಅಳಿಯನ ಕೈ ಹಿಡಿದುಕೊಂಡು ಬರುತ್ತದೆ, ಸೀಮಂತಕ್ಕೆ ತಟ್ಟೆಗಳ ಸಾಲಾಗಿ ಬರುತ್ತದೆ, ನಾಮಕರಣಕ್ಕೆ ಬೆಳ್ಳಿ ಬಟ್ಟಲಾಗಿ ಬರುತ್ತದೆ. ಅದಕ್ಕೆ ನಾವು ಇಟ್ಟಿರುವ ಹೆಸರು ಶಾಸ್ತ್ರ, ಪದ್ಧತಿ, ತವರಿನ ಮರ್ಯಾದೆ.

ಹಬ್ಬದಡಿಗೆ, ಬಾಗಿನ, ಬೀಗರ ಉಪಚಾರ ಇವೆಲ್ಲ ಚಳವಳಿಯ ಪತ್ರಿಕೆಯಲ್ಲಿ ಬರೆಯುವ ಸಂಗತಿಗಳೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಹೆಣ್ಣುಮಕ್ಕಳು ಸುಟ್ಟುಹೋದದ್ದು ಕೋರ್ಟಿನ ಕಟ್ಟೆಯ ಮೇಲಲ್ಲ, ಅಡುಗೆಮನೆಯಲ್ಲಿ. ಅವರ ಮೇಲಿನ ಹಂಗಿಸುವಿಕೆ ಶುರುವಾದದ್ದು ಎಷ್ಟೋ ಸಲ ಒಂದು ಹಬ್ಬದ ತಟ್ಟೆಯಿಂದ. ಹಾಗಾಗಿ ಅಲ್ಲಿಂದಲೇ ಮಾತಾಡೋಣ.

ಮೊದಲು ನಮ್ಮ ಹಳೆಯ ಉಡುಗೊರೆಗಳು ಏನಿದ್ದವು ಎಂದು ನೆನಪು ಮಾಡಿಕೊಳ್ಳಿ. ಗೌರಿ ಬಾಗಿನವೆಂದರೆ ಮೇದರು ಹೆಣೆದ ಬಿದಿರಿನ ಜೋಡಿ ಮೊರ. ಒಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ಪುಟ್ಟ ಕನ್ನಡಿ, ಬಾಚಣಿಗೆ, ಒಂದಿಷ್ಟು ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಒಂದು ರವಿಕೆ ಕಣ. ಮಡಿಲಕ್ಕಿಯೂ ಅಷ್ಟೆ: ಅಕ್ಕಿ, ಕಾಯಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ. ಧಾರವಾಡದ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಅಕ್ಕ ತಂಗಿಯರನ್ನು ಕರೆತರುತ್ತಾರೆ. ಅಳ್ಳು, ತಂಬಿಟ್ಟು, ಶೇಂಗಾ ಉಂಡಿ, ಎಳ್ಳುಂಡಿ, ಮರಕ್ಕೆ ಕಟ್ಟಿದ ಜೋಕಾಲಿ. ಮರಳಿ ಹೋಗುವಾಗ ಬುತ್ತಿ ಕಟ್ಟಿ ಕಳಿಸುತ್ತಾರೆ. ಹಳೇ ಮೈಸೂರಿನ ಕಡೆ ಸಂಕ್ರಾಂತಿಯಲ್ಲಿ ಲಂಗ ಉಟ್ಟ ಪುಟ್ಟ ಹುಡುಗಿಯರು ಎಳ್ಳು ಬೀರಲು ಮನೆಮನೆಗೆ ಹೋಗುತ್ತಾರೆ. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ, ಬೆಲ್ಲ, ಒಂದು ತುಂಡು ಕಬ್ಬು, ಒಂದು ಸಕ್ಕರೆ ಅಚ್ಚು. ಕೊಟ್ಟ ಮನೆಯವರು ಖಾಲಿ ಕೈಯಲ್ಲಿ ಕಳಿಸುವುದಿಲ್ಲ, ತಮ್ಮ ಮನೆಯ ಎಳ್ಳನ್ನು ಕೊಟ್ಟು ಕಳಿಸುತ್ತಾರೆ. ಹೊಸದಾಗಿ ಮದುವೆಯಾದವಳು ಐದು ವರ್ಷ ಸಂಕ್ರಾಂತಿಗೆ ಬಾಳೆಹಣ್ಣು ಕೊಡುವುದೂ ಇತ್ತು, ವರ್ಷಕ್ಕೆ ಐದೈದು ಹೆಚ್ಚಿಸುತ್ತಾ. ಬಾಳೆಹಣ್ಣು ಕೊಟ್ಟು ಯಾವ ತಂದೆಯೂ ಮನೆ ಮಾರಿಕೊಂಡದ್ದಿಲ್ಲ.

ಇವೆಲ್ಲ ಚಿನ್ನದಂಥ ಪದ್ಧತಿಗಳಾಗಿದ್ದವು ಎಂದು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಗಂಡ ಸತ್ತವಳಿಗೆ ಬಾಗಿನವಿಲ್ಲ, ಮಡಿಲಕ್ಕಿಯಿಲ್ಲ, ಅವಳು ಒಳಕೋಣೆಯಲ್ಲಿ ಕೂತಿರಬೇಕು ಎನ್ನುವ ಕ್ರೌರ್ಯವೂ ಇದೇ ಮೊರದ ಅಡಿಯಲ್ಲಿ ಅಡಗಿತ್ತು. ಅದರ ಬಗ್ಗೆ ಇನ್ನೊಂದು ಲೇಖನವೇ ಬೇಕು. ಆದರೆ ಒಂದು ಗುಣ ಈ ಸಣ್ಣ ಉಡುಗೊರೆಗಳಲ್ಲಿತ್ತು. ಅವು ಮನೆಯಲ್ಲಿ ಬೆಳೆದದ್ದು, ಕೈಯಲ್ಲಿ ಮಾಡಿದ್ದು, ಮತ್ತು ಹೋದ ದಾರಿಯಲ್ಲೇ ತಿರುಗಿ ಬರುತ್ತಿದ್ದವು.

ಹಳ್ಳಿಯವರಿಗೆ ಇದಕ್ಕೊಂದು ಒಳ್ಳೆಯ ಮಾತಿದೆ: ಮುಯ್ಯಿ. ಮದುವೆಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಹಾಕಿದರು ಎಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಇವರು ಅಷ್ಟನ್ನೋ ಅದಕ್ಕಿಂತ ಒಂದಿಷ್ಟು ಹೆಚ್ಚನ್ನೋ ಹಾಕಬೇಕು. ಹೊಲದಲ್ಲಿ ಮುಯ್ಯಾಳು ಹೋಗುವುದೂ ಹಾಗೆಯೇ, ಇಂದು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಬಡವರ ನಡುವೆ ಬಡ್ಡಿಯಿಲ್ಲದೆ ನಡೆಯುವ ಸಾಲ ಇದು. ನೀವು ವಾರವಾರ ಉಳಿತಾಯ ಹಾಕಿ ಸರದಿಯಂತೆ ಸಾಲ ಪಡೆಯುತ್ತೀರಲ್ಲ, ಅದು ನಮ್ಮ ಅಜ್ಜಿಯರ ಮುಯ್ಯಿ ಪುಸ್ತಕದ ಮೊಮ್ಮಗಳೇ ಸರಿ.

ಈಗ ಕೇಳುತ್ತೇನೆ. ಹೆಣ್ಣಿನ ತವರಿನಿಂದ ಗಂಡಿನ ಮನೆಗೆ ಹೋಗುವ ಉಡುಗೊರೆಗೆ ಮುಯ್ಯಿ ಎಲ್ಲಿದೆ? ದೀಪಾವಳಿಗೆ ಮಾವ ಅಳಿಯನಿಗೆ ಉಂಗುರ ಹಾಕಿದರೆ, ಮುಂದಿನ ಹಬ್ಬಕ್ಕೆ ಅಳಿಯ ಮಾವನಿಗೆ ಏನು ಹಾಕಿದ? ಸೊಸೆಯ ಸೀಮಂತಕ್ಕೆ ತವರಿನವರು ಇಪ್ಪತ್ತೊಂದು ತಟ್ಟೆ ಹೊತ್ತು ತಂದರೆ, ಬಾಣಂತನ ಮುಗಿಸಿ ಮಗುವನ್ನು ಕರೆದೊಯ್ಯುವಾಗ ಗಂಡಿನ ಮನೆಯವರು ಎಷ್ಟು ತಟ್ಟೆ ತಂದರು? ಮೂರು ತಿಂಗಳು ಐದು ತಿಂಗಳು ತವರಿನಲ್ಲಿ ಬಾಣಂತಿ ಖಾರ, ತುಪ್ಪ, ಬೆಳ್ಳುಳ್ಳಿ, ಎಣ್ಣೆ ನೀರು, ಆಸ್ಪತ್ರೆ ಖರ್ಚು. ಹುಟ್ಟಿದ ಕೂಸು ಯಾರ ವಂಶದ ಕುಡಿ? ಅವರದು. ಬಿಲ್ಲು ಯಾರದು? ಇವರದು. ಹೋಗುವುದಷ್ಟೇ ಗೊತ್ತು, ಬರುವುದು ಗೊತ್ತಿಲ್ಲ ಎನ್ನುವಂಥದ್ದಕ್ಕೆ ನಮ್ಮ ಹಿರಿಯರು ಉಡುಗೊರೆ ಎನ್ನುತ್ತಿರಲಿಲ್ಲ, ಕಪ್ಪಕಾಣಿಕೆ ಎನ್ನುತ್ತಿದ್ದರು. ಸೋತ ರಾಜ ಗೆದ್ದ ರಾಜನಿಗೆ ವರ್ಷವರ್ಷ ಕಟ್ಟುತ್ತಿದ್ದದ್ದು ಅದು. ಹೆಣ್ಣು ಹೆತ್ತವರು ಯಾವ ಯುದ್ಧದಲ್ಲಿ ಸೋತರು?

ಉಪಚಾರವನ್ನೇ ನೋಡಿ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಬಂದರೆ ಒಬ್ಬಟ್ಟು, ಪಾಯಸ, ಎರಡು ಬಗೆ ಪಲ್ಯ, ಕೋಸಂಬರಿ, ಹೊರಡುವಾಗ ಸೀರೆ ಪಂಚೆ. ಹೆಣ್ಣಿನ ಅಪ್ಪ ಮಗಳನ್ನು ನೋಡಲು ಹೋದರೆ ಬಾಗಿಲ ಬಳಿಯ ಕುರ್ಚಿ, ಅರ್ಧ ಲೋಟ ಕಾಫಿ, ಮಗಳೊಂದಿಗೆ ಅಡುಗೆಮನೆಯ ಹೊಸ್ತಿಲಲ್ಲಿ ನಾಲ್ಕು ಮಾತು. ಬೀಗರೂಟ ಎನ್ನುವ ಹೆಸರಿನಲ್ಲೇ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಅರ್ಥವಿದೆ. ಮುದ್ದೆ, ಬಾಡಿನ ಸಾರು ಉಂಡು ನಗಾಡಿಕೊಂಡು ಎದ್ದು ಹೋಗುವ ಊಟ ಅದು. ಅದೂ ಎಷ್ಟೋ ಕಡೆ ಎಷ್ಟು ಮರಿ ಕಡಿದರು, ಎಷ್ಟು ಜನಕ್ಕೆ ಹಾಕಿದರು ಎಂಬ ಜಂಭದ ಪಂದ್ಯವಾಗಿದೆ.

ಇದೆಲ್ಲ ಹಿಂದಿನಿಂದ ಬಂದದ್ದು, ಬಿಡುವುದು ಹೇಗೆ ಎನ್ನುವವರಿಗೆ ಒಂದು ಮಾತು. ಹಿಂದೆ ಎಂದರೆ ಎಷ್ಟು ಹಿಂದೆ? ಮೈಸೂರು ಸೀಮೆಯ ಬಹುಪಾಲು ಬ್ರಾಹ್ಮಣೇತರ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ತಂದೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1942ರಲ್ಲಿ ಪ್ರಕಟಿಸಿದ, ಮೈಸೂರಿನ ಮದುವೆ ಮತ್ತು ಕುಟುಂಬ ಕುರಿತ ಪುಸ್ತಕದಲ್ಲಿ ತೆರದ ವಿವರಗಳಿವೆ. ತೆರವೂ ಹೆಣ್ಣಿಗೆ ಬೆಲೆ ಕಟ್ಟುವ ಪದ್ಧತಿಯೇ, ಅದು ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಮುತ್ತಜ್ಜ ತೆರ ಕೊಟ್ಟು ಮುತ್ತಜ್ಜಿಯನ್ನು ತಂದಿದ್ದರೆ, "ನಮ್ಮ ವಂಶದಲ್ಲಿ ಅಳಿಯನಿಗೆ ಸ್ಕೂಟರ್ ಕೊಡುವುದು ಪದ್ಧತಿ" ಎಂದು ನೀವು ಹೇಳುವುದು ಹೇಗೆ? ಇದು ವೇದದಿಂದ ಬಂದ ಶಾಸ್ತ್ರವಲ್ಲ. ಸಂಬಳದ ನೌಕರಿ ಬಂದಾಗ ಬಂತು. ಟಿ.ವಿ. ಜಾಹೀರಾತು, ಕಂತಿನ ಸಾಲ, ಜಾಗತೀಕರಣದ ಕೊಳ್ಳುಬಾಕತನ ಬಂದಾಗ ಬೆಳೆಯಿತು. ಈಗ ಸೀಮಂತದ ತಟ್ಟೆಗಳ ಫೋಟೊ ಊರೆಲ್ಲ ಮೊಬೈಲಿನಲ್ಲಿ ಸುತ್ತುತ್ತದೆ. ಪಕ್ಕದ ಮನೆಯ ಸೊಸೆಗೆ ಎಷ್ಟು ತಟ್ಟೆ ಬಂತು ಎನ್ನುವ ಲೆಕ್ಕ ನಮ್ಮ ಮನೆಯ ಸೊಸೆಯ ಬೆನ್ನಿನ ಮೇಲೆ ಬೀಳುತ್ತದೆ. ಸೀಮಂತವೆಂದರೆ ಬಸುರಿಯ ಬಯಕೆ ತೀರಿಸುವುದು, ಅವಳು ಕೇಳಿದ ತಿನಿಸು ಮಾಡಿಕೊಟ್ಟು ಗಾಜಿನ ಬಳೆ ತೊಡಿಸುವುದು. ಇಪ್ಪತ್ತೊಂದು ತಟ್ಟೆಗಳ ಹಿಂದೆ ಕೂತ ಆ ಹುಡುಗಿಗೆ ಏನು ತಿನ್ನಲು ಆಸೆ ಎಂದು ಕೇಳಿದವರು ಯಾರು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎ. ಮುಗಿಸಿ ಮದುವೆಯಾದವಳು, ಮೊದಲ ಆಷಾಢಕ್ಕೆ ತವರಿಗೆ ಬಂದಾಗ ನನ್ನನ್ನು ನೋಡಲು ಬಂದಿದ್ದಳು. ಅವಳ ಕೈಚೀಲದಲ್ಲಿ ಒಂದು ಚೀಟಿ. ಅತ್ತೆ ಹೇಳುತ್ತಾ ಹೋದಂತೆ ಇವಳೇ ಬರೆದುಕೊಂಡದ್ದು. ವಾಷಿಂಗ್ ಮಷೀನು, ಗಂಡನಿಗೆ ಕೈಗಡಿಯಾರ, ನಾದಿನಿಗೆ ರೇಷ್ಮೆ ಸೀರೆ. "ಇದು ಡೌರಿ ಅಲ್ಲ ಮೇಡಂ, ಆಷಾಢದ ಉಡುಗೊರೆ. ಮದುವೇಲಿ ಅವರು ಒಂದು ರೂಪಾಯಿನೂ ಕೇಳಲಿಲ್ಲ" ಎಂದಳು. "ಇದನ್ನು ಕೊಡದೆ ನೀನು ಬರಿಗೈಯಲ್ಲಿ ಹೋದರೆ ಏನಾಗುತ್ತೆ?" ಎಂದು ಕೇಳಿದೆ. ಅವಳು ಚೀಟಿಯನ್ನು ಮಡಿಸಿ ಮಡಿಸಿ ಹೆಬ್ಬೆರಳಿನಷ್ಟು ಮಾಡಿದಳು, ಉತ್ತರ ಹೇಳಲಿಲ್ಲ. ಅವಳ ಅಪ್ಪ ಆ ವರ್ಷ ಕರೆಯುವ ಹಸು ಮಾರಿದರು.

ಉಡುಗೊರೆಯೋ ವರದಕ್ಷಿಣೆಯೋ ಎಂದು ಸಂದೇಹ ಬಂದಾಗಲೆಲ್ಲ ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದಕ್ಕೆ ಮುಯ್ಯಿ ಬರುತ್ತದೆಯೇ? ಕೊಡದಿದ್ದರೆ ಏನಾಗುತ್ತದೆ? ಎರಡನೆಯದಕ್ಕೆ ಉತ್ತರ ಹೇಳಲು ಮಗಳು ಹೆದರಿದರೆ, ಅದು ಬಾಗಿನದ ಮೊರದಲ್ಲಿ ಇಟ್ಟಿದ್ದರೂ ವರದಕ್ಷಿಣೆಯೇ.

ಈ ಹಣ ಎಲ್ಲಿಂದ ಬರುತ್ತಿದೆ? ಇಲ್ಲಿ ಸಂಘದ ಗೆಳತಿಯರು ಸ್ವಲ್ಪ ಕೋಪಿಸಿಕೊಂಡರೂ ಸರಿ, ಹೇಳಿಯೇ ತೀರುತ್ತೇನೆ. ನಮ್ಮ ಬಡಾವಣೆಯ ಸ್ತ್ರೀಶಕ್ತಿ ಗುಂಪಿನವರು ಲೆಕ್ಕ ನೋಡಲು ನನ್ನನ್ನು ಆಗಾಗ ಕರೆಯುತ್ತಾರೆ. ಸಾಲದ ಉದ್ದೇಶ ಎಂಬ ಕಾಲಮ್ಮಿನಲ್ಲಿ "ಹೈನುಗಾರಿಕೆ" ಎಂದು ಬರೆದಿರುತ್ತದೆ, ಮನೆಯಲ್ಲಿ ಹಸು ಇರುವುದಿಲ್ಲ. "ಹೊಲಿಗೆ ಯಂತ್ರ" ಎಂದಿರುತ್ತದೆ, ಯಂತ್ರವೂ ಇರುವುದಿಲ್ಲ. ವಿಚಾರಿಸಿದರೆ ಮಗಳ ಮನೆಗೆ ಗೌರಿಹಬ್ಬ, ಮೊಮ್ಮಗನ ಮುಡಿ, ಅಳಿಯನ ದೀಪಾವಳಿ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದಾಗ ಹೆಣ್ಣಿನ ಕೈಗೆ ದುಡ್ಡು ಬಂದರೆ ಅವಳ ಕೈ ಬಲವಾಗುತ್ತದೆ ಎಂದು ನಾವೆಲ್ಲ ಸಂಭ್ರಮಪಟ್ಟೆವು. ಆ ದುಡ್ಡು ಸುತ್ತಿ ಬಳಸಿ ಇನ್ನೊಬ್ಬ ಹೆಣ್ಣಿನ ಗಂಡನ ಮನೆಗೆ ಸಲ್ಲುತ್ತಿದ್ದರೆ, ವಾರವಾರ ಕಂತು ಕಟ್ಟುತ್ತಾ ಬೆನ್ನು ಬಗ್ಗಿಸುತ್ತಿರುವ ನೀವು ಯಾರನ್ನು ಬಲಪಡಿಸುತ್ತಿದ್ದೀರಿ? ನಿಮ್ಮಲ್ಲೇ ಮಗಳ ತಾಯಿಯಾಗಿ ಸಾಲ ಮಾಡುವವಳು, ಮಗನ ತಾಯಿಯಾಗಿ ತಟ್ಟೆ ಎಣಿಸುವವಳು ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿರುತ್ತೀರಿ. ಎಷ್ಟೋ ಸಲ ಇಬ್ಬರೂ ಒಬ್ಬಳೇ.

ಅಡುಗೆಮನೆಯ ಮಾತಿಗೆ ಬರುತ್ತೇನೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಪ್ರಶ್ನೆಯಿದೆ: ಗಂಡ ಹೆಂಡತಿಯನ್ನು ಹೊಡೆಯುವುದು ಯಾವ ಯಾವ ಕಾರಣಕ್ಕೆ ಸರಿ? ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅತ್ತೆಮಾವಂದಿರಿಗೆ ಗೌರವ ಕೊಡದಿದ್ದರೆ ಎಂಬ ಪಟ್ಟಿಯಲ್ಲಿ ಅಡುಗೆ ಸರಿಯಾಗಿ ಮಾಡದಿದ್ದರೆ ಎನ್ನುವುದೂ ಒಂದು. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 76ಕ್ಕಿಂತ ಹೆಚ್ಚು ಮಂದಿ ಈ ಕಾರಣಗಳಲ್ಲಿ ಒಂದಕ್ಕಾದರೂ ಹೊಡೆದರೆ ತಪ್ಪಿಲ್ಲ ಎಂದರು. ಗಂಡಸರಲ್ಲಿ ಹಾಗೆಂದವರು ನೂರಕ್ಕೆ 81ಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಬಿದ್ದ ಏಟು ಉಪ್ಪಿನದೇ ಎಂದು ನಂಬುವವರು ನಂಬಲಿ. ಹಬ್ಬಕ್ಕೆ ತವರಿನಿಂದ ಬಂದದ್ದು ಕಡಿಮೆಯಾದ ವಾರವೇ ಸಾರು ರುಚಿ ಕೆಡುವುದು ಏಕೆ ಎಂದು ಒಮ್ಮೆ ಯೋಚಿಸಿ.

1990ರ ದಶಕದ ಪತ್ರಿಕೆಗಳ ಒಳಪುಟ ನೆನಪಿದೆಯೇ? "ಸ್ಟೌವ್ ಸಿಡಿದು ಗೃಹಿಣಿ ಸಾವು." ಎರಡು ಸಾಲಿನ ಸುದ್ದಿ. ಬೆಂಗಳೂರಿನ ವಿಮೋಚನಾದಂಥ ಮಹಿಳಾ ಸಂಘಟನೆಗಳು ಸುಟ್ಟಗಾಯದ ವಾರ್ಡುಗಳಿಗೆ ಹೋಗಿ, ಈ ಸಾವುಗಳ ಬೆನ್ನು ಹತ್ತಿ ಕೇಳಿದ ಪ್ರಶ್ನೆ ಸರಳವಾಗಿತ್ತು. ಸೀಮೆಎಣ್ಣೆ ಸ್ಟೌವ್ ಹಚ್ಚುವವರು ಮನೆಯಲ್ಲಿ ಅತ್ತೆಯೂ ಇದ್ದಾರೆ, ನಾದಿನಿಯೂ ಇದ್ದಾರೆ. ಅದು ಹೊಸ ಸೊಸೆಯ ಮುಂದೆ ಮಾತ್ರ ಸಿಡಿಯುವುದನ್ನು ಕಲಿತದ್ದು ಎಲ್ಲಿ? ಈಗ ಪಂಪ್ ಸ್ಟೌವ್ ಮೂಲೆ ಸೇರಿದೆ, ಗ್ಯಾಸ್ ಬಂದಿದೆ. ಸಾಯುವುದು ನಿಂತಿಲ್ಲ. ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲೇ 2022ರಲ್ಲಿ ದೇಶದಲ್ಲಿ 6 ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ದಾಖಲಾಗದವು ಬೇರೆ.

ಕಾನೂನು ಏನು ಹೇಳುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1984, 1986ರಲ್ಲಿ ತಿದ್ದುಪಡಿಗಳಾಗಿ, ಮದುವೆಗೆ ಸಂಬಂಧಿಸಿ ಮದುವೆಯ ನಂತರ ಯಾವಾಗ ಕೊಟ್ಟರೂ ಅದು ವರದಕ್ಷಿಣೆಯೇ ಎಂದಾಯಿತು. ಆದರೆ ಒಂದು ಕಿಂಡಿ ಉಳಿದಿದೆ. ಮಗು ಹುಟ್ಟಿದಾಗ ಮತ್ತು ಇತರ ಶಾಸ್ತ್ರಗಳಲ್ಲಿ ರೂಢಿಯಂತೆ ಕೊಡುವುದು ಈ ಕಾಯ್ದೆಯ ಅರ್ಥದ ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2001ರ ತೀರ್ಪೊಂದರಲ್ಲಿ ಹೇಳಿತು. ಗಂಡಿನ ಮನೆಯವರು ನುಸುಳುವುದು ಈ ಕಿಂಡಿಯಲ್ಲೇ. 2022ರಲ್ಲಿ ಅದೇ ನ್ಯಾಯಾಲಯ ಮನೆ ಕಟ್ಟಲು ತವರಿನಿಂದ ಹಣ ತಾ ಎಂದದ್ದೂ ವರದಕ್ಷಿಣೆಯೇ, ಆ ಪದಕ್ಕೆ ವಿಶಾಲ ಅರ್ಥ ಕೊಡಬೇಕು ಎಂದಿತು, ಅದು ಒಳ್ಳೆಯದೇ ಆಯಿತು. ಹೆಸರು ಏನೇ ಇರಲಿ, ಕೊಡು ಎಂದು ಪೀಡಿಸಿದರೆ ಅದು ಅಪರಾಧ. ಹಿಂದೆ ನಾವು 498ಎ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ, 304ಬಿ ಎನ್ನುತ್ತಿದ್ದ ವರದಕ್ಷಿಣೆ ಸಾವು 80ನೇ ಕಲಮಿನಲ್ಲಿದೆ. ಸಂಖ್ಯೆ ಬದಲಾಗಿದೆ, ಅಪರಾಧ ಅದೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ, ವಾಸದ ಹಕ್ಕು ಕೇಳಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು, ನಿಮ್ಮ ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತು. 181 ಮಹಿಳಾ ಸಹಾಯವಾಣಿ.

ಇನ್ನೊಂದು ನಿಯಮವಿದೆ. ನಾನು ನೋಡಿದ ಮದುವೆಗಳಲ್ಲಿ ಅದನ್ನು ಪಾಲಿಸಿದವರು ಬೆರಳೆಣಿಕೆಯಷ್ಟೂ ಇಲ್ಲ. 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕು. ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ ಎಂದು ಬರೆದು ವಧು ವರ ಇಬ್ಬರೂ ಸಹಿ ಹಾಕಬೇಕು. ಮುಯ್ಯಿ ಬರೆಯಲು ಪುಸ್ತಕ ಹಿಡಿದು ಕೂರುವ ನಮಗೆ ಇದೇನು ಕಷ್ಟದ ಕೆಲಸವೇ? ನಂತರದ ಹಬ್ಬಗಳಲ್ಲಿ ಕೊಟ್ಟದ್ದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಮಗಳಿಗೆಂದು ಕೊಟ್ಟದ್ದು ಅವಳ ಸ್ತ್ರೀಧನ. ಅದನ್ನು ಗಂಡನೋ ಅತ್ತೆಯೋ ಬೀರುವಿನಲ್ಲಿಟ್ಟುಕೊಂಡು ಕೊಡುವುದಿಲ್ಲ ಎಂದರೆ ನಂಬಿಕೆ ದ್ರೋಹದ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. "ಪಟ್ಟಿ ಮಾಡಿದರೆ ಬೀಗರು ಬೇಜಾರು ಮಾಡಿಕೊಳ್ಳುತ್ತಾರೆ" ಎನ್ನುತ್ತೀರಿ. ಬೇಜಾರಾಗುವವರಾದರೆ ಮದುವೆಗೆ ಮುಂಚೆಯೇ ಗೊತ್ತಾಗಲಿ.

"ಮಗಳಿಗೆ ಕೊಡುವುದು ನಮ್ಮ ಆಸೆ, ಅದಕ್ಕೂ ಅಡ್ಡಿಯೇ?" ಎಂದು ತಾಯಂದಿರು ಕೇಳುತ್ತಾರೆ. ಕೊಡಿ ತಾಯಿ, ಧಾರಾಳವಾಗಿ ಕೊಡಿ. ಕರ್ನಾಟಕದಲ್ಲಿ 1994ರಲ್ಲೇ, ಇಡೀ ದೇಶದಲ್ಲಿ 2005ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲಿದೆ ಎಂದು ಕಾನೂನಾಯಿತು. ಅದನ್ನು ಕೊಡಿ. ಆಗ ಮಾತ್ರ ಎಲ್ಲರ ಬಾಯಿ ಒಣಗುತ್ತದೆ. "ಮದುವೆಗೆ ಖರ್ಚು ಮಾಡಿದ್ದೇವಲ್ಲ, ಹಬ್ಬ ಹರಿದಿನಕ್ಕೆ ಕೊಡುತ್ತಲೇ ಇದ್ದೇವಲ್ಲ" ಎಂದು ಹೇಳಿ ಹಕ್ಕು ಖುಲಾಸೆ ಪತ್ರಕ್ಕೆ ಅವಳ ಸಹಿ ಹಾಕಿಸಿಕೊಳ್ಳುತ್ತಾರೆ. ಅಳಿಯನ ಮೈಮೇಲಿನ ಉಂಗುರ ಅಳಿಯನದು, ಹೊಲ ಅಣ್ಣನದು, ಅವಳಿಗೆ ಉಳಿದದ್ದು ವರ್ಷಕ್ಕೊಮ್ಮೆ ಬರುವ ಹೆಸರು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ ಬೇರೆ. ಗಂಡನ ಮನೆಯಲ್ಲಿ ಏಟು ತಿಂದವಳು ಯಾವ ಬಾಗಿಲಿಗೆ ಬರಬೇಕು? ತಟ್ಟೆ ತುಂಬಿ ಕಳಿಸಿದ ತವರು "ಹೊಂದಿಕೊಂಡು ಹೋಗಮ್ಮ" ಎಂದು ಅದೇ ಬಸ್ಸಿಗೆ ಹತ್ತಿಸಿ ಕಳಿಸಿದ್ದನ್ನು ನಾವು ಎಷ್ಟು ಕಂಡಿಲ್ಲ.

"ಕೊಡದಿದ್ದರೆ ಅಲ್ಲಿ ಅವಳನ್ನು ಹಿಂಸಿಸುತ್ತಾರೆ" ಎನ್ನುವುದು ಇನ್ನೊಂದು ವಾದ, ಇದು ಎದೆಯಿಂದ ಬರುವ ಮಾತು, ಹಗುರ ಮಾಡಲಾರೆ. ಆದರೆ ಕೊಟ್ಟವರ ಮಕ್ಕಳೂ ಸತ್ತಿದ್ದಾರೆ. ಮೊದಲ ದೀಪಾವಳಿಗೆ ಉಂಗುರ ಕೊಟ್ಟರೆ ಎರಡನೆಯದಕ್ಕೆ ಸರ ಕೇಳುತ್ತಾರೆ. ಕೊಟ್ಟದ್ದರಿಂದ ಅವರಿಗೆ ಗೊತ್ತಾಗುವುದು ಒಂದೇ, ಈ ಮನೆಯವರನ್ನು ಹಿಂಡಿದರೆ ಹನಿ ಬೀಳುತ್ತದೆ ಎಂದು. ಮಗಳಿಗೆ ಬೇಕಾದದ್ದು ಅಳಿಯನ ಉಂಗುರವಲ್ಲ, ಅವಳ ಹೆಸರಿನ ಬ್ಯಾಂಕ್ ಪುಸ್ತಕ, ಮತ್ತು ರಾತ್ರಿ ಹನ್ನೊಂದಕ್ಕೆ ಬಂದರೂ ಕದ ತೆರೆಯುವ ತವರು.

ಹಬ್ಬ ಬಿಡಿ, ಊಟ ಬಿಡಿ ಎನ್ನುವ ಸಿಡುಕಿನ ಮೇಷ್ಟ್ರಮ್ಮ ನಾನಲ್ಲ. ಬೀಗರು ಬಂದರೆ ನನಗೂ ಸಂತೋಷ. ಸೊಪ್ಪಿನ ಸಾರು, ಬಿಸಿ ಮುದ್ದೆ, ಕೋಸಂಬರಿ, ಗಟ್ಟಿ ಮಜ್ಜಿಗೆ ಇದ್ದರೆ ಸಾಲದೆ? ಸಿಹಿ ಬೇಕೆಂದರೆ ಅಕ್ಕಿ ಕಾಯಿ ಬೆಲ್ಲದ ಪಾಯಸ ಅರ್ಧ ಗಂಟೆಯ ಕೆಲಸ. ಹೆಂಗಸರು ಬೆಳಗಿನಿಂದ ಒಲೆ ಮುಂದೆ ಬೆಂದು, ಎಲ್ಲರೂ ಉಂಡ ಮೇಲೆ ತಳದ ಸಾರು ಉಣ್ಣುವಂಥ ಹಬ್ಬ ಬೇಡ. ಕಾಯಿ ತುರಿಯಲು, ಎಲೆ ಹಾಕಲು, ಬಡಿಸಲು ಮಗನಿಗೂ ಅಳಿಯನಿಗೂ ಕೈಗಳಿವೆ, ಮದುವೆ ಮನೆಗಳಲ್ಲಿ ಬಡಿಸುವವರು ಗಂಡಸರೇ ಅಲ್ಲವೇ? ಮಗಳ ಮನೆಗೆ ಹೋಗುವಾಗ ಹಿತ್ತಲ ನಿಂಬೆಯ ಉಪ್ಪಿನಕಾಯಿ, ಹುರಿಹಿಟ್ಟು, ಅವಳಿಗೆ ಇಷ್ಟವಾದ ಕೊಡುಬಳೆ ಒಯ್ಯಿರಿ. ಹಾಗೆಯೇ ಮಗನ ತಾಯಂದಿರೇ, ನೀವು ಸೊಸೆಯ ತವರಿಗೆ ಹೋಗುವಾಗ ಬರಿಗೈ ಬೀಸಿಕೊಂಡು ಹೋಗಬೇಡಿ. ಬೀಗಿತ್ತಿಗೆ ಒಂದು ಡಬ್ಬಿ ಚಕ್ಕಲಿ, ಒಂದು ರವಿಕೆ ಕಣ ಕೊಟ್ಟು ನೋಡಿ. ಸೊಸೆಯ ಮುಖವನ್ನೂ ಒಮ್ಮೆ ನೋಡಿ.

ಗೌರಿಹಬ್ಬಕ್ಕೆ ಮುಂಚಿನ ಸಭೆಯಲ್ಲಿ ಈ ವಿಷಯ ಎತ್ತಿ. ಹಬ್ಬದ ಉಡುಗೊರೆಗೆ, ಸೀಮಂತದ ತಟ್ಟೆಗೆ ಸಂಘದಿಂದ ಸಾಲವಿಲ್ಲ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿ. "ನಮ್ಮ ಸಂಘದವರು ಬಿಡುವುದಿಲ್ಲ ಬೀಗರೇ, ನಾನೇನು ಮಾಡಲಿ" ಎಂದು ಹೇಳಿಕೊಳ್ಳಲು ಬಡ ತಾಯಿಗೆ ಒಂದು ನೆಪವಾದರೂ ಸಿಗಲಿ. ಸಂಘದ ಎಲ್ಲರೂ ಸೇರಿ ಒಂದೇ ಅಳತೆಯ ಬಾಗಿನ ಮಾಡಬಹುದು. ಮೇದರ ಹತ್ತಿರ ಒಟ್ಟಿಗೆ ಮೊರ ತಂದರೆ ಅಗ್ಗವಾಗುತ್ತದೆ, ಅವರಿಗೂ ನಾಲ್ಕು ಕಾಸು. ಎಷ್ಟು ಬೇಕೆಂದು ಲೆಕ್ಕ ಹಾಕುವಾಗ ನಿಮ್ಮ ಗುಂಪಿನಲ್ಲಿರುವ, ಗಂಡನನ್ನು ಕಳೆದುಕೊಂಡ ಸದಸ್ಯೆಯರನ್ನೂ ಸೇರಿಸಿಯೇ ಎಣಿಸಿ.